ತೂಕವಿಲ್ಲದ ಮಠ

ಚೈತನ್ಯಾ ಕಟ್ಟಿದ ಮಠ ಒಂದು ಬಂಡೆಯ ಮೇಲಿತ್ತು. ಆ ಬಂಡೆ ಯಾವುದೋ ದೂರದ ನಕ್ಷತ್ರವನ್ನು ಸುತ್ತುತ್ತಿತ್ತು. ಅದರ ಅಗಲ ಮದ್ದೂರಿನಿಂದ ಸೋಮನಹಳ್ಳಿಗೆ ಇರುವ ಕೆಲವೇ ಮೈಲಿ ದೂರಕ್ಕಿಂತ ಹೆಚ್ಚೇನಿರಲಿಲ್ಲ. ಅಷ್ಟು ಸಣ್ಣ ಬಂಡೆಗೆ ಯಾರನ್ನೂ ತನ್ನ ಕಡೆಗೆ ಎಳೆದಿಟ್ಟುಕೊಳ್ಳುವ ಬಲವಿರುವುದಿಲ್ಲ. ಅದರ ಮೇಲೆ ನಿಂತವರು ಜೋರಾಗಿ ನೆಗೆದರೆ ಮತ್ತೆ ಕೆಳಗೆ ಬರುವುದಿಲ್ಲ. ಗಾಳಿ ಇಲ್ಲ, ಆದ್ದರಿಂದ ಸದ್ದೂ ಇಲ್ಲ. ಅಲ್ಲಿಯ ಸನ್ಯಾಸಿಗಳು ಮನುಷ್ಯರಲ್ಲ. ಅವರಿಗೆ ಆರು ಕೈಗಳು, ಪ್ರತಿ ಕೈಯ ತುದಿಯಲ್ಲೂ ಬಂಡೆಯನ್ನು ಕಚ್ಚಿ ಹಿಡಿಯುವ ಕೊಕ್ಕೆ. ಒಬ್ಬರ ಮೈ ಇನ್ನೊಬ್ಬರಿಗೆ ತಾಗಿದಾಗ ಮಾತ್ರ, ಆ ಸ್ಪರ್ಶದ ಕಂಪನದಲ್ಲಿ, ಅವರ ಮಾತು ಕೇಳಿಸುತ್ತದೆ.

ಅವರ ಸಾಧನೆಯೆಂದರೆ ಕಾಳಗ. ಅದಕ್ಕೊಂದು ಕಟ್ಟುನಿಟ್ಟಿನ ಕ್ರಮವಿತ್ತು. ಹೊಡೆದವನು ಹೊಡೆತದಷ್ಟೇ ಬಲದಿಂದ ತಾನೂ ಹಿಂದಕ್ಕೆ ಹೋಗುತ್ತಾನೆ. ತೂಕವಿಲ್ಲದ ಕಡೆ ಹೊಡೆದವನೂ ಹೊಡೆಸಿಕೊಂಡವನೂ ಒಬ್ಬರಿಗೊಬ್ಬರು ಸಿಗದಷ್ಟು ದೂರ ತೇಲಿಬಿಡುತ್ತಾರೆ. ಆದ್ದರಿಂದ ಎದುರಾಳಿಯನ್ನು ಮೊದಲು ಭದ್ರವಾಗಿ ಹಿಡಿದುಕೊಳ್ಳಬೇಕು, ಹೊಡೆಯುವುದೇನಿದ್ದರೂ ಆಮೇಲೆ. ಆ ವಿದ್ಯೆಗೆ ಚೈತನ್ಯಾ 'ಹಿಡಿತ' ಎಂದೇ ಹೆಸರಿಟ್ಟಿದ್ದಳು.

ಇದೆಲ್ಲ ಒಂದು ಆಟದ ಪುಸ್ತಕದಲ್ಲಿತ್ತು. ಆಟದಲ್ಲಿ ಒಬ್ಬರು ಸೂತ್ರಧಾರರಾಗಿ ಕೂತು, ಆಟಗಾರರು ಎಲ್ಲಿ ನಿಂತಿದ್ದಾರೆ, ಎದುರಿಗೆ ಏನಿದೆ ಎಂದು ಹೇಳುತ್ತಾರೆ. ಆಟಗಾರರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ, ತಾವೇನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಮಾಡಿದ್ದು ಫಲಿಸಿತೇ ಇಲ್ಲವೇ ಎಂಬ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಮಳವಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಚೈತನ್ಯಾ, ಎಂ.ಎಸ್ಸಿ. ಮುಗಿಸಿದಂದಿನಿಂದ ಬಿಡುವಿನ ಹೊತ್ತನ್ನೆಲ್ಲ ಈ ಮಠಕ್ಕೆ ಕೊಟ್ಟಿದ್ದಳು. ಮೈಸೂರಿನಲ್ಲಿ ಸಣ್ಣ ಪ್ರಕಾಶನ ನಡೆಸುವ ರಂಗನಾಯಕಿ ಹಸ್ತಪ್ರತಿ ಓದಿ ಮೆಚ್ಚಿ, ಒಂದು ಷರತ್ತು ಹಾಕಿದ್ದರು. ಇಂಥ ಆಟವನ್ನು ಎಂದೂ ಆಡದವರು ತಮ್ಮ ಕಣ್ಣೆದುರು ಆಡಬೇಕು; ಸೂತ್ರಧಾರಿಣಿ ಪುಸ್ತಕದಲ್ಲಿರುವುದನ್ನು ಮಾತ್ರ ಹೇಳಬೇಕು, ಸುಳಿವು ಕೊಡಬಾರದು, ಹೊಸ ನಿಯಮ ಹುಟ್ಟಿಸಬಾರದು. ಹಾಗೆ ಆಡಿ ಅವರು ಮಠದ ಮೂರು ದ್ವಾರ ದಾಟಿದರೆ ಪುಸ್ತಕ ಈ ವರ್ಷವೇ ಅಚ್ಚಾಗುತ್ತದೆ. ದಾಟದಿದ್ದರೆ ಆ ಜಾಗ ಬೇರೊಂದು ಪುಸ್ತಕಕ್ಕೆ.

ಆಡುವುದಾಗಿ ಒಪ್ಪಿದ್ದವರು ಕಾಲೇಜಿನ ಸಹೋದ್ಯೋಗಿಗಳು. ಭಾನುವಾರ ಬೆಳಿಗ್ಗೆ ಅವರೆಲ್ಲ ಯಾರದೋ ಹರಕೆಗೆಂದು ಮುತ್ತತ್ತಿಗೆ ಹೋಗಿದ್ದಾರೆಂದು ತಿಳಿಯಿತು. ಅಲ್ಲಿಗೆ ಫೋನೂ ಸಿಗಲಿಲ್ಲ. ರಂಗನಾಯಕಿ ಆಗಲೇ ಮಂಡ್ಯದ ರೈಲು ಹತ್ತಿಯಾಗಿತ್ತು. ಚೈತನ್ಯಾ ಕೊತ್ತತ್ತಿಯಲ್ಲಿದ್ದ ದೊಡ್ಡಮ್ಮನಿಗೆ ಫೋನ್ ಮಾಡಿದಳು. ಎಷ್ಟು ಜನಕ್ಕೆ ಅಡುಗೆ ಎಂದಷ್ಟೇ ದೊಡ್ಡಮ್ಮ ಕೇಳಿದಳು.

ಹೀಗೆ ಆ ಮಧ್ಯಾಹ್ನ ಮಠದ ಮೊದಲ ದ್ವಾರಕ್ಕೆ ಬಂದವರು ಮೂವರು: ದೊಡ್ಡಮ್ಮ ನಾಗರತ್ನ, ಸೋಮನಹಳ್ಳಿಯಲ್ಲಿ ಬೋಲ್ಟು ತಯಾರಿಸುವ ಕಡೆ ಕೆಲಸ ಮಾಡುವ ಅವಳ ಮಗ ಯತೀಶ್, ಮತ್ತೆ ಅವನ ಗೆಳೆಯ ಸಿದ್ದರಾಮು, ಊರಿನ ಕಬಡ್ಡಿ ತಂಡದಲ್ಲಿ ಯತೀಶನ ಜೊತೆಗೆ ಮೂಲೆ ಕಾಯುತ್ತಿದ್ದವನು. ರಂಗನಾಯಕಿಯನ್ನು ಮಂಡ್ಯ ಸ್ಟೇಷನ್ನಿನಿಂದ ಕೊತ್ತತ್ತಿಯ ಮನೆಗೆ ಬೈಕಿನಲ್ಲಿ ಕರೆತಂದವನೂ ಅವನೇ. ಅವರು ಹಜಾರದ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ತಾವು ಇಲ್ಲವೆಂದೇ ತಿಳಿಯಬೇಕೆಂದು ಎಲ್ಲರಿಗೂ ಹೇಳಿದರು. ದೊಡ್ಡಮ್ಮ ಅವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಆಟ ಮುಗಿಯುವವರೆಗೆ ಅವರು ಇಲ್ಲವೆಂದು ತಿಳಿಯಲು ಒಪ್ಪಿದಳು.

ಪಾತ್ರಗಳಿಗೆ ಹೆಸರಿಡುವಾಗ ದೊಡ್ಡಮ್ಮ ತನ್ನ ಪಾತ್ರಕ್ಕೆ ಚಿಕ್ಕಬೋರಮ್ಮ ಎಂದಳು. ಅದು ತೀರಿಹೋದ ಅವಳ ಅತ್ತೆಯ ಹೆಸರು. ಬದುಕಿದ್ದಾಗ ಒಂದು ಕಡ್ಡಿ ಎತ್ತಿಡದವರು, ಈಗಲಾದರೂ ನಾಲ್ಕು ಕೆಲಸ ಮಾಡಲಿ ಎಂಬುದು ಅವಳ ವಿವರಣೆ. ಹುಡುಗರಿಬ್ಬರೂ ತಮ್ಮ ಸ್ವಂತ ಹೆಸರನ್ನೇ ಇಟ್ಟುಕೊಂಡರು.

ಚೈತನ್ಯಾ ಮೊದಲ ಪುಟಗಳನ್ನು ನಿಧಾನವಾಗಿ, ಬಿಡಿಬಿಡಿಯಾಗಿ ಓದಿದಳು. ಯಾತ್ರಿಕರ ಮೈಮೇಲೆ ತೆಳು ಪೊರೆಯ ಉಡುಪು ಇದೆ, ಉಸಿರಿಗೆ ತೊಂದರೆಯಿಲ್ಲ. ಅದರೊಳಗಿನ ರೇಡಿಯೊದಿಂದ ಮೂವರೂ ತಮ್ಮತಮ್ಮಲ್ಲಿ ಮಾತಾಡಬಹುದು; ಸನ್ಯಾಸಿಗಳ ಮಾತು ಮಾತ್ರ ಮುಟ್ಟಿದರೇ ಕೇಳುವುದು. ಸೊಂಟದಲ್ಲಿ ಕಿರಣ ಹಾರಿಸುವ ಬಂದೂಕು, ಕಾಲಿಗೆ ಅಯಸ್ಕಾಂತದ ಪಾದರಕ್ಷೆಗಳಿವೆ. ಬಂಡೆಯಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಆ ಪಾದರಕ್ಷೆಗಳೇ ಅವರನ್ನು ನೆಲಕ್ಕೆ ಹಿಡಿದಿಟ್ಟಿವೆ. ಈ ಕೊನೆಯ ವಾಕ್ಯವನ್ನು ಅವಳು ಸ್ಪಷ್ಟವಾಗಿಯೇ ಓದಿದ್ದಳು. ಆಮೇಲೆ ಪುಸ್ತಕದಲ್ಲಿದ್ದಂತೆ, ಮಠದ ಹೊಸ್ತಿಲಲ್ಲಿ ನಿಂತಿದ್ದೀರಿ, ಎದುರಿಗೆ ದ್ವಾರಪಾಲಕ ಸನ್ಯಾಸಿ ಇದ್ದಾನೆ, ಏನು ಮಾಡುತ್ತೀರಿ ಎಂದು ಕೇಳಿದಳು.

ಮೂವರೂ ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ. "ಮೆಟ್ ಬುಡ್ತೀವಿ" ಎಂದಳು ದೊಡ್ಡಮ್ಮ.

ಚೈತನ್ಯಾಳ ಬೆರಳು ಪುಟದ ಮೇಲೆ ನಿಂತಿತು. ಎಂಟು ಬಗೆಯ ಪ್ರವೇಶವನ್ನು ಅವಳು ಊಹಿಸಿ ಬರೆದಿದ್ದಳು. ಗೋಡೆ ಹತ್ತುವುದು, ಕಾವಲುಗಾರನನ್ನು ಮೋಸಗೊಳಿಸುವುದು, ಬಾಗಿಲು ಒಡೆಯುವುದು, ಎಲ್ಲಕ್ಕೂ ನಿಯಮವಿತ್ತು. ಮಠದ ಬಾಗಿಲಲ್ಲಿ ಕೊತ್ತತ್ತಿಯವರು ಮೊದಲು ಚಪ್ಪಲಿ ಬಿಡುತ್ತಾರೆಂಬುದು ಮಾತ್ರ, ಹುಟ್ಟಿದಂದಿನಿಂದ ತಾನೂ ಬಿಡುತ್ತ ಬಂದವಳಿಗೆ ಹೊಳೆದಿರಲಿಲ್ಲ. ಮೂವರೂ ಬಿಡುತ್ತೀರಾ ಎಂದು ಕೇಳಿದಳು. ಅಷ್ಟು ಕೇಳಲು ಷರತ್ತಿನಲ್ಲಿ ಅವಕಾಶವಿತ್ತು. ಸಿದ್ದರಾಮು, ಸೊಂಟದಲ್ಲಿದ್ದ ಕಿರಣದ ಬಂದೂಕನ್ನೂ ಚಪ್ಪಲಿಯ ಪಕ್ಕದಲ್ಲೇ ಇಡುವುದಾಗಿ ಸೇರಿಸಿದ.

ಕಿಟಕಿಯ ಕಡೆ ನೋಡಬಾರದೆಂದುಕೊಂಡರೂ ಚೈತನ್ಯಾ ನೋಡಿದಳು. ರಂಗನಾಯಕಿಯ ಮುಖದಲ್ಲಿ ಏನೂ ಇರಲಿಲ್ಲ.

"ಆಮೇಲೆ?"

"ಆಮೇಲೇನು. ಬಾಗ್ಲಲ್ಲಿರೋ ಬುದ್ಯೋರ್ಗೆ ಅಡ್ಡಬೀಳ್ತೀವಿ."

ಇದಕ್ಕೆ ಪುಸ್ತಕದಲ್ಲಿ ಪ್ರತ್ಯೇಕ ನಿಯಮ ಇಲ್ಲದಿದ್ದರೂ ಗುರುತ್ವದ ಕೋಷ್ಟಕ ಇತ್ತು. ಚೈತನ್ಯಾ ಅದನ್ನು ನೋಡಿ, ಅಲ್ಲಿ ನೆಲಕ್ಕೆ ಬೀಳಲು ಸುಮಾರು ಅರ್ಧ ನಿಮಿಷ ಹಿಡಿಯುತ್ತದೆಂದು ಯಥಾವತ್ತಾಗಿ ತಿಳಿಸಿದಳು.

"ಆಗ್ಲಿ ಬುಡು" ಎಂದಳು ದೊಡ್ಡಮ್ಮ. "ಇಲ್ಲಿ ಮಂಡಿ ನೋವು ಅಂತ ಅಡ್ಡಬೀಳದೇ ಬುಟ್ಟಿದೀನಿ. ಅಲ್ಲಾದ್ರೂ ನಿಧಾನಕ್ಕೆ ಬೀಳ್ತೀನಿ."

ಬಿದ್ದದ್ದಾಯಿತು. ತೊಂದರೆಯಾದದ್ದು ಏಳುವಾಗ. ಅಂಗೈ ಊರಿ, ಭೂಮಿಯ ಮೇಲೆ ಏಳುವವರಂತೆ ಮೂವರೂ ನೆಲವನ್ನು ಒತ್ತಿದರು. ಆ ಒತ್ತಡಕ್ಕೆ ನೆಲದಿಂದ ಚಿಮ್ಮಿ ನಕ್ಷತ್ರಗಳ ಕಡೆಗೆ ಹೊರಟರು. ಚೈತನ್ಯಾ ಅದನ್ನು ಪಾಠ ಹೇಳುವ ಧ್ವನಿಯಲ್ಲೇ ವರ್ಣಿಸಿದಳು. ಮೂರು ವರ್ಷದ ಮಠ ಮೊದಲ ಹೊಸ್ತಿಲಲ್ಲೇ ಮುಗಿಯುವುದರಲ್ಲಿತ್ತು.

"ಏನಮ್ಮ ಚೈತನ್ಯಾ" ಎಂದ ಸಿದ್ದರಾಮು, "ಅಡ್ಡಬಿದ್ದೋರ್ನೂ ಬುಡಲ್ವಾ ನಿನ್ ಮಠ?"

ತೇಲಿಹೋಗುವವರಿಗೆ ಪುಸ್ತಕ ಒಂದೇ ಅವಕಾಶ ಕೊಡುತ್ತಿತ್ತು. ಕೈಗೆ ನಿಲುಕುವ ಏನನ್ನಾದರೂ ಹಿಡಿಯಲು ಒಮ್ಮೆ ದಾಳ ಹಾಕಬಹುದು. ದೊಡ್ಡಮ್ಮ ದಾಳವನ್ನು ಚೌಕಾಬಾರದ ಕವಡೆಗಳಂತೆ ಎರಡೂ ಅಂಗೈಗಳ ನಡುವೆ ಗಲಗಲ ಆಡಿಸಿ ಚಾಪೆಯ ಮೇಲೆ ಬಿಟ್ಟಳು. ಹದಿನೇಳು ಬಿತ್ತು. ಚಿಕ್ಕಬೋರಮ್ಮ ದ್ವಾರಪಾಲಕನ ಮೇಲಿನ ಕೈಯನ್ನು ಹಿಡಿದುಕೊಂಡಳು. ಆ ಹೊತ್ತಿಗಾಗಲೇ ಯತೀಶ್ ಅವಳ ಪಾದ ಹಿಡಿಯುತ್ತೇನೆಂದೂ ಸಿದ್ದರಾಮು ಯತೀಶನ ಸೊಂಟ ಹಿಡಿಯುತ್ತೇನೆಂದೂ ಹೇಳಿಯಾಗಿತ್ತು. ಕಬಡ್ಡಿಯ ಅಂಕಣದಲ್ಲಿ ವರ್ಷಗಟ್ಟಲೆ ಸರಪಳಿ ಕಟ್ಟಿದವರಿಗೆ ಅದು ಯೋಚಿಸಿ ಮಾಡುವ ಕೆಲಸವಾಗಿರಲಿಲ್ಲ.

ಹಿಡಿದ ಕೈಯಿಂದ ದ್ವಾರಪಾಲಕನ ಮಾತು ಕೇಳಿಬಂತು. ಚೈತನ್ಯಾ ಪುಸ್ತಕದಲ್ಲಿದ್ದಂತೆ ಓದಿದಳು: "ಹಿಡಿದೆಯಾ?"

"ಹಿಡ್ದಿದೀನಿ ಬುದ್ದಿ. ನೀವು ಬುಡ್ಬ್ಯಾಡಿ."

ಆ ಮಠದಲ್ಲಿ ಸನ್ಯಾಸಿಯನ್ನು ಹಿಡಿಯುವುದೆಂದರೆ ಕಾಳಗಕ್ಕೆ ಕರೆಯುವುದು. ದೊಡ್ಡಮ್ಮನಿಗೆ ಅದು ಗೊತ್ತಿರಲಿಲ್ಲ. ದ್ವಾರಪಾಲಕ ಕಾಳಗಕ್ಕೆ ಒಪ್ಪಿದ. ಹಿಡಿದವರನ್ನು ಕೊಡವಿ ಎಸೆಯಲು ಅವನಿಗೆ ಒಂದು ದಾಳ. ಎಸೆಯಬೇಕಾದ ದ್ರವ್ಯರಾಶಿ ಹೆಚ್ಚಿದಷ್ಟೂ ಅವನಿಗೆ ಹೆಚ್ಚಿನ ಅಂಕ ಬೀಳಬೇಕೆಂದು ಸೂತ್ರವಿತ್ತು. ಚೈತನ್ಯಾ ಆ ಸೂತ್ರವನ್ನು ಒಬ್ಬ ಎದುರಾಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಳು. ಈಗ ಅದರಲ್ಲಿ ಮೂವರನ್ನು ಕೂಡಿದಳು. ದಾಳ ಎಲ್ಲರ ಎದುರಿಗೇ ಉರುಳಿತು. ಅಂಕ ಸಾಲಲಿಲ್ಲ. ಹಿಡಿತ ಬಿಡಿಸಿಕೊಳ್ಳಲಾಗದ ಸನ್ಯಾಸಿ, ಹಿಡಿದವರನ್ನು ಮುಂದಿನ ದ್ವಾರಕ್ಕೆ ತಾನೇ ಕರೆದೊಯ್ಯಬೇಕು ಎಂದು ಪುಸ್ತಕದಲ್ಲಿತ್ತು.

ಮೊದಲ ದ್ವಾರ ದಾಟಿಯಾಗಿತ್ತು. ಈಗ ಹಿಡಿತ ಸಿಕ್ಕಿದೆಯಲ್ಲ, ಹಿಂದಕ್ಕೆ ಕೈ ಚಾಚಿ ಪಾದರಕ್ಷೆ ಹಾಕಿಕೊಂಡುಬಿಡೋಣ ಎಂದು ಯತೀಶ್ ಸೂಚಿಸಿದ. ಅವನ ತಾಯಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಮಠದ ಒಳೀಕೆ ಮೆಟ್ ಹಾಕ್ಕಂಡ್ ಬತ್ತೀಯೇನ್ಲಾ?"

ವಿಷಯ ಅಲ್ಲಿಗೆ ಮುಗಿಯಿತು.

ಎರಡನೆಯ ದ್ವಾರದಲ್ಲಿ ಇಬ್ಬರು ಸನ್ಯಾಸಿಗಳು ಕಾದಿದ್ದರು. ಒಬ್ಬೊಬ್ಬರ ಎದೆಗೂ ಒಂದೊಂದು ಹೊಡೆತ ತಾಗಿಸಬೇಕಿತ್ತು. ಸರಪಳಿಯ ತುದಿಯಲ್ಲಿದ್ದ ಸಿದ್ದರಾಮು, ಯತೀಶನ ಸೊಂಟವನ್ನು ಬಿಡದೆಯೇ ಕಾಲು ಬೀಸಿದರೆ ಏನಾಗುತ್ತದೆಂದು ಕೇಳಿದ. ಚೈತನ್ಯಾ ಒಂದು ಹಾಳೆ ಎಳೆದುಕೊಂಡು ಚಿತ್ರ ಬರೆದಳು. ದ್ವಾರಪಾಲಕನ ಕೈ ಆಧಾರಬಿಂದು. ಅಲ್ಲಿಂದ ಮೂರು ದೇಹಗಳ ಉದ್ದ. ತುದಿಯ ವೇಗ ಅದಕ್ಕೆ ತಕ್ಕಂತೆ. ಆಧಾರವಿರುವುದರಿಂದ ಹೊಡೆತ ತಾಗುತ್ತದೆ, ಹೊಡೆದವನು ತೇಲಿಹೋಗುವುದಿಲ್ಲ. ಲೆಕ್ಕ ಮುಗಿಸಿ ತಲೆಯೆತ್ತಿದಾಗ ಅವಳು ನಗುತ್ತಿದ್ದಳು. ಕಿಟಕಿಯ ಬಳಿ ಯಾರಿದ್ದಾರೆಂಬುದು ಆ ಕ್ಷಣಕ್ಕೆ ಅವಳಿಗೆ ಮರೆತಿತ್ತು. ತಾನು ಒಬ್ಬಳೇ ಕೂತು ಬರೆದ ನಿಯಮ ಕೊತ್ತತ್ತಿಯ ಹಜಾರದಲ್ಲಿ ತಾನೇ ಕಾಣದ ಆಕಾರವೊಂದನ್ನು ತಾಳುತ್ತಿತ್ತು. ಸಿದ್ದರಾಮುವಿನ ದಾಳ ಒಮ್ಮೆ ತಪ್ಪಿತು, ಆಮೇಲೆ ಎರಡು ಸಲ ಗೆದ್ದಿತು. ಆ ಸಂಭ್ರಮಕ್ಕೆ ಅವನು ತನ್ನ ತೊಡೆ ತಟ್ಟಿಕೊಂಡಾಗ ಚಾಪೆಯ ಮೇಲಿದ್ದ ಅವನ ಮಜ್ಜಿಗೆಯ ಲೋಟ ಉರುಳಿತು. ದೊಡ್ಡಮ್ಮ ಆಟ ಬಿಡದೆಯೇ ಅದನ್ನು ಒರೆಸಿದಳು.

ಮೂರನೆಯ ದ್ವಾರದಲ್ಲಿ ಇದ್ದವರು ಮಠದ ಹಿರಿಯರು ಒಬ್ಬರೇ. ಅವರ ಆರು ಕೈಗಳಲ್ಲಿ ಐದು ಬಂಡೆಯಲ್ಲಿ ನೆಟ್ಟಿದ್ದವು. ಒಂದನ್ನು ಮಾತ್ರ ಚಾಚಿದರು. ದೊಡ್ಡಮ್ಮ ಒಂದು ಕೈಯಿಂದ ಹಿರಿಯರ ಕೈ ಹಿಡಿದು, ದ್ವಾರಪಾಲಕನನ್ನು ಬಿಟ್ಟ ಇನ್ನೊಂದರಿಂದ, ಪಾದಕ್ಕೆ ಜೋತಿದ್ದ ಮಗನ ಕೈ ಹಿಡಿದುಕೊಂಡಳು. ಚೈತನ್ಯಾ ಓದಿದಳು: "ಈ ದ್ವಾರಕ್ಕೆ ಒಬ್ಬರೇ ಬರಬೇಕು. ಜೊತೆಯವರನ್ನು ಬಿಟ್ಟು ಬಾ. ಒಬ್ಬಂಟಿಯಾಗಿ ನನ್ನ ಮೂರು ಎಸೆತ ತಡೆದರೆ ಪಾಠ ನಿನ್ನದು."

ಪಾದರಕ್ಷೆ ತೊಟ್ಟು ಬಂದವರಿಗೆ ಅದು ಸುಲಭದ ಮಾತು. ಜೊತೆಯವರು ಹಿಂದೆ ನಿಂತು ಕಾಯುತ್ತಾರೆ, ಅಷ್ಟೆ. ಈ ಮೂವರಲ್ಲಿ ನಿಲ್ಲಬಲ್ಲವರು ಯಾರೂ ಇರಲಿಲ್ಲ. ದೊಡ್ಡಮ್ಮ ಬಿಟ್ಟರೆ ಹುಡುಗರಿಬ್ಬರೂ ತೇಲಿಹೋಗುತ್ತಾರೆ. ದ್ವಾರಪಾಲಕ ತನ್ನ ಕೆಲಸ ಮುಗಿಸಿ ಹಿಂದಿರುಗಿದ್ದ.

ಹೋದರೆ ಎಲ್ಲಿಗೆ ಹೋಗುತ್ತಾರೆಂದು ದೊಡ್ಡಮ್ಮ ಕೇಳಿದಳು. ಎಲ್ಲಿಗೂ ಇಲ್ಲ, ಹೋಗುತ್ತಲೇ ಇರುತ್ತಾರೆ ಎಂದು ಚೈತನ್ಯಾ ಉತ್ತರಿಸಿದಳು. ಸುಳ್ಳು ಹೇಳುವಂತಿರಲಿಲ್ಲ.

ಯತೀಶ್ ದಾಳವನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಸಿದ್ದರಾಮು ದೊಡ್ಡಮ್ಮನ ಕಡೆ ಬಾಗಿ, ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ ಹೇಳಿದ:

"ಅತ್ತೆ, ಬುಟ್ಬುಡು. ಬೈಕಲ್ಲಿ ಬರ್ತಾ ಮೇಡಮ್ಮೋರು ಯೋಳುದ್ರು. ಈ ಬಾಗ್ಲು ದಾಟುದ್ರೇನೇ ಚೈತನ್ಯಾನ ಪುಸ್ತಕ ಅಚ್ಚಾಗದು. ನಾವು ತೇಲ್ಕಂಡ್ ಓಯ್ತೀವಿ, ಅದಕ್ಕೇನು. ಆಟ ತಾನೇ."

ಚೈತನ್ಯಾ ಅದನ್ನು ಯಾರಿಗೂ ಹೇಳಿರಲಿಲ್ಲ. ದೊಡ್ಡಮ್ಮ ಅವಳ ಮುಖ ನೋಡಿದಳು, ದಿಟವೇ ಎಂದು ಕಣ್ಣಲ್ಲೇ ಕೇಳಿದಳು. ಚೈತನ್ಯಾ ಹೌದೆಂದು ತಲೆಯಾಡಿಸಿದಳು. ಆಮೇಲೆ ದೊಡ್ಡಮ್ಮ ಮಗನನ್ನೂ ಅವನ ಗೆಳೆಯನನ್ನೂ ನೋಡಿದಳು. ಚಾಪೆಯ ಮೇಲೆ ಕಾಲು ಮಡಚಿ ಕೂತಿದ್ದ ಆ ಇಬ್ಬರು ದಪ್ಪ ಮೀಸೆಯ ಗಂಡಸರು ಅವಳ ತೀರ್ಮಾನಕ್ಕೆ ಮಕ್ಕಳಂತೆ ಕಾಯುತ್ತಿದ್ದರು. ಅವಳ ಬಲಗೈ ಮಡಿಲಲ್ಲಿ ಮುಷ್ಟಿಯಾಗಿತ್ತು.

"ಆಟ ಅಂತ ನಂಗೂ ಗೊತ್ತು ಕಣ್ಲಾ" ಎಂದಳು. ಆಮೇಲೆ ಚೈತನ್ಯಾಳ ಕಡೆ ತಿರುಗಿದಳು. "ಗೊತ್ತಿದ್ರೂವೆ ಬುಡಕ್ಕಾಯ್ತಿಲ್ಲ ಕಣಮ್ಮ. ಬುಡಲ್ಲ ಅಂತ ಬರ್ಕೋ."

ಚೈತನ್ಯಾ ಪುಟ ತಿರುವಿದಳು. ಮೂರನೆಯ ದ್ವಾರದಲ್ಲಿ ಗೆದ್ದವರಿಗೆ ಏನು, ಸೋತವರಿಗೆ ಏನು, ಹಿಂದಿರುಗಿದವರಿಗೆ ಏನು ಎಂದೆಲ್ಲ ಇತ್ತು. ಹಿರಿಯರ ಕೈಯನ್ನೂ ಬಿಡದೆ ಜೊತೆಯವರನ್ನೂ ಬಿಡದೆ ನಿಂತವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಒಂದೇ ವಾಕ್ಯ ಸಾಕಾಗಿತ್ತು: ಹಿರಿಯರು ಮೆಚ್ಚಿದರು, ಮೂವರನ್ನೂ ಒಳಗೆ ಕರೆದರು. ಓದುವ ಧ್ವನಿಯಲ್ಲೇ ಅದನ್ನು ಹೇಳಿಬಿಡಬಹುದಿತ್ತು. ಮುನ್ನೂರು ಪುಟದ ಹಸ್ತಪ್ರತಿಯ ಪ್ರತಿ ಸಾಲೂ ರಂಗನಾಯಕಿಗೆ ನೆನಪಿರುವ ಸಂಭವ ಕಡಿಮೆ. ಹೇಳಿದ್ದರೆ ದೊಡ್ಡಮ್ಮನ ಮುಷ್ಟಿ ಸಡಿಲವಾಗುತ್ತಿತ್ತು, ಸಿದ್ದರಾಮು ಇನ್ನೊಮ್ಮೆ ತೊಡೆ ತಟ್ಟುತ್ತಿದ್ದ, ಪುಸ್ತಕ ಅಚ್ಚಾಗುತ್ತಿತ್ತು. ಆದರೆ ನಾಳೆ ಬೇರೊಂದು ಊರಿನಲ್ಲಿ ಬೇರೆ ಯಾರೋ ಇದೇ ಬಾಗಿಲಿಗೆ ಬಂದು ಇದೇ ರೀತಿ ಕೈ ಬಿಡಲಾರದೆ ನಿಂತಾಗ, ಆ ವಾಕ್ಯವನ್ನು ಹೇಳಲು ಅಲ್ಲಿ ಅವಳು ಇರುವುದಿಲ್ಲ. ಅವರ ಮುಂದೆ ಪುಸ್ತಕ ಮಾತ್ರ ಇರುತ್ತದೆ.

ಏನಾದರೂ ಸಿಗಬಹುದೆಂದು ಮೊದಲ ಅಧ್ಯಾಯಕ್ಕೆ ಹೋದಳು. ತಾನೇ ಬರೆದ ಸಾಲು ಅಲ್ಲಿತ್ತು: ಸನ್ಯಾಸಿಗಳ ಮಾತು ಮುಟ್ಟಿದವರಿಗೆ ಮಾತ್ರ ಕೇಳುತ್ತದೆ. ಅವಳು ಅದನ್ನು ಎರಡು ಸಲ ಓದಿದಳು. ಹಿಡಿಯದೆ ಹೊಡೆಯಲಾಗದ, ಹಿಡಿಯದೆ ಮಾತೂ ಆಡಲಾಗದ ಒಂದು ಲೋಕವನ್ನು ಕಟ್ಟಿ, ಅದರ ಅತ್ಯಂತ ಒಳಗಿನ ಬಾಗಿಲಲ್ಲಿ 'ಬಿಟ್ಟು ಬಾ' ಎಂದು ಬರೆದಿದ್ದಳು. ಒಬ್ಬಂಟಿ ವೀರ ಕೊನೆಯ ಬಾಗಿಲಲ್ಲಿ ಕಾದುವುದು ಇಂಥ ಆಟಗಳಲ್ಲಿ ವಾಡಿಕೆ. ಅವಳು ವಾಡಿಕೆಯನ್ನು ತಂದಿಟ್ಟಿದ್ದಳು, ಲೆಕ್ಕ ಹಾಕಿರಲಿಲ್ಲ. ದೋಷ ದೊಡ್ಡಮ್ಮ ಬಿಟ್ಟ ಮೆಟ್ಟಿನಲ್ಲಿ ಇರಲಿಲ್ಲ.

ಪುಸ್ತಕ ಮುಚ್ಚಿದಳು. "ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ" ಎಂದಳು. "ನಾನು ಬರೆದಿಲ್ಲ. ಆಟ ಇಲ್ಲಿಗೆ ನಿಲ್ಲುತ್ತದೆ."

ರಂಗನಾಯಕಿ ಕುರ್ಚಿಯಿಂದ ಎದ್ದು, ಚಾಪೆಯ ಅಂಚಿಗೆ ಬಂದು ಕೂತರು. ಲೆಕ್ಕದ ಚಿತ್ರವಿದ್ದ ಹಾಳೆಯನ್ನು ಎತ್ತಿಕೊಂಡು, ಮೂರು ದೇಹಗಳ ಸರಪಳಿಯನ್ನು ನೋಡಿದರು.

"ಈ ವರ್ಷ ಆಗುವುದಿಲ್ಲ, ಚೈತನ್ಯಾ" ಎಂದರು. "ಪುಸ್ತಕದಲ್ಲಿ ಇಲ್ಲದ ಸಾಲನ್ನು ನೀವು ಓದುತ್ತೀರೋ ಎಂದು ನೋಡುತ್ತಿದ್ದೆ. ಆ ಅಧ್ಯಾಯ ನನಗೆ ಬಾಯಿಪಾಠವಾಗಿದೆ. ಮೂರನೆಯ ದ್ವಾರ ಮತ್ತೆ ಬರೆಯಿರಿ. ಬರೆದಾದ ಮೇಲೆ ಹೇಳಿ ಕಳಿಸಿ, ನಾನು ಇಲ್ಲಿಗೇ ಬರುತ್ತೇನೆ. ಆಡುವವರು ಇವರೇ ಇರಲಿ."

ಚೈತನ್ಯಾ ಆಗಲೆಂದಳು. ದುಃಖವಾಗಿತ್ತು, ಒಂದು ವರ್ಷವೆಂದರೆ ಒಂದು ವರ್ಷವೇ. ಆದರೂ ಅವಳ ಪೆನ್ನು ಆಗಲೇ ಹಾಳೆಯ ಮೂಲೆಯಲ್ಲಿ ಹಿರಿಯರ ಆರು ಕೈಗಳನ್ನು ಗುರುತು ಹಾಕತೊಡಗಿತ್ತು. ಐದು ಬಂಡೆಗೆ, ಒಂದು ಅತಿಥಿಗೆ. ಹಾಗೇಕೆ ಇರಬೇಕು? ಮೂರು ಬಂಡೆಗಾದರೆ ಮೂರು ಉಳಿಯುತ್ತವೆ.

ಸಿದ್ದರಾಮು ದೊಡ್ಡಮ್ಮನನ್ನು ಗದರಿದ. ಒಂದು ಮಾತಿಗೆ ಬಿಟ್ಟಿದ್ದರೆ ಆಗುತ್ತಿತ್ತು, ತಾವೇನು ಸಾಯುತ್ತಿದ್ದೆವೇ ಎಂದು ಗೊಣಗಿದ. ಅವಳು ಅವನ ತಲೆಗೊಂದು ಮೊಟಕಿ ಊಟಕ್ಕೆ ಎಲೆ ಹಾಕಲು ಎದ್ದಳು. ಬಾಗಿಲವರೆಗೆ ಹೋದವಳು ನಿಂತು, ಏನೋ ಅನುಮಾನ ಬಂದವಳಂತೆ ತಿರುಗಿದಳು.

"ಅಲ್ಲ ಕಣಮ್ಮ ಚೈತು, ನೀನು ಬರ್ಯೋಗಂಟ ನಾವು ಮೂರು ಜನ ಅಲ್ಲೇ ಇರ್ತೀವಾ? ಅಂಗೇ ಹಿಡ್ಕಂಡು?"

ಚೈತನ್ಯಾ ಯೋಚಿಸಿದಳು. ನಿಯಮದ ಪ್ರಕಾರ ಆಟ ನಿಂತಾಗ ಎಲ್ಲವೂ ಇದ್ದ ಸ್ಥಿತಿಯಲ್ಲೇ ಇರುತ್ತದೆ.

"ಹೌದು, ದೊಡ್ಡಮ್ಮ. ಅಲ್ಲೇ ಇರುತ್ತೀರಿ."

"ಅಂಗಾದ್ರೆ ಬಿರ್ನೆ ಬರಿ" ಎಂದಳು ದೊಡ್ಡಮ್ಮ. "ಕೈ ನೋಯ್ತದೆ."